ಮೌಸರಿಗೊಂದು ದುರ್ಬೀನು

ಮೇ ೨೮

ಮತ್ತೆ ಬಂದಿದ್ದವು, ದರಿದ್ರ ಮುಂಡೇವು. ಉತ್ತರದ ಬೇಲಿಯೊಳಗೆ ಚಳಿಗಾಲದ ಮೊದಲ ಹಿಮದ ಮೇಲೆ ಎಲ್ಲಿ ನೋಡಿದರೂ ಉಣ್ಣೆ, ರಕ್ತ. ಸತ್ತ ಕುರಿಗಳನ್ನು ಎಣಿಸುವುದಕ್ಕೂ ಮನಸ್ಸು ಬರಲಿಲ್ಲ. ನರಿಯಾದರೆ ಒಂದನ್ನು ಕೊಂದು ತಿಂದು ಹೋಗುತ್ತದೆ. ಈ ಕಾಡುಬಿದ್ದ ನಾಯಿಗಳು ಆಟಕ್ಕೆ ಕೊಲ್ಲುತ್ತವೆ. ಒಂದರ ಗಂಟಲು ಕಿತ್ತು ಅಲ್ಲೇ ಬಿಟ್ಟು ಇನ್ನೊಂದರ ಹಿಂದೆ ಓಡುತ್ತವೆ. ಮರಿಯಿದ್ದಾಗ ಮುದ್ದು ಮಾಡಿ, ದೊಡ್ಡದಾದ ಮೇಲೆ ಪಟ್ಟಣದವರು ರಸ್ತೆಯಲ್ಲಿ ಇಳಿಸಿಹೋದ ನಾಯಿಗಳು ಇವು, ಇವುಗಳ ಮಕ್ಕಳು, ಮೊಮ್ಮಕ್ಕಳು. ಈಗ ಲೆಂಗಾ ಮರಗಳ ಕಾಡಿನ ತುಂಬ ಇವುಗಳದೇ ಸಂಸಾರ.

ಮಧ್ಯಾಹ್ನ ಮ್ಯಾನೇಜರ್ ಲಾರಾಲ್ದೆ ಬಂದ. ಜೀಪಿನಿಂದ ಇಳಿಯಲೂ ಇಲ್ಲ, ಕಿಟಕಿ ಇಳಿಸಿ ಮಾತಾಡಿದ.

"ಎವಾರಿಸ್ತೊ, ಅಕ್ಟೋಬರಲ್ಲಿ ಕುರಿ ಮರಿ ಹಾಕೋ ಹೊತ್ತಿಗೆ ಈ ನಾಯಿ ಕಾಟ ನಿಲ್ಲಬೇಕು. ಇಲ್ಲಾಂದ್ರೆ ಯಜಮಾನ್ರು ಕುರಿ ಮಾರಿ ದನ ತರ್ತಾರೆ. ದನಕ್ಕೆ ಈ ಕಾವಲುಮನೆ ಬೇಕಾಗಲ್ಲ."

"ನಾವೆಲ್ಲಿಗೆ ಹೋಗ್ಬೇಕು?"

"ರಿಯೊ ಗ್ರಾಂದೆ ಪಟ್ಟಣದಲ್ಲಿ ಒಂದು ಕೋಣೆ ಕೊಡಿಸ್ತೀನಿ. ಬೆಚ್ಚಗಿರತ್ತೆ."

ಬೆಚ್ಚಗಂತೆ. ಅವನ ಬಾಯಿಗೆ ಮಣ್ಣು ಹಾಕ. ಮೀಸೆ ಮೂಡುವ ಮೊದಲು ಚಿಲೋಯೆ ದ್ವೀಪದಿಂದ ಉಣ್ಣೆ ಕತ್ತರಿಸಲು ಬಂದವನು ನಾನು. ಈ ಮನೆಯ ತಗಡನ್ನು ನಾನೇ ಹೊಡೆದದ್ದು. ಒರ್ಫೆಲಿನಾ ಮದುವೆಯಾಗಿ ಬಂದದ್ದು ಈ ಬಾಗಿಲಿಗೆ. ಇಲ್ಲಿಂದ ಎಬ್ಬಿಸಿ ಪಟ್ಟಣದ ಕೋಣೆಯಲ್ಲಿ ಕೂರಿಸಿದರೆ ನಾನು ಗೋಡೆ ನೋಡಿಕೊಂಡು ಏನು ಮಾಡಲಿ?

ಸಂಜೆ ನಾಯಿಗಳ ಹಿಂಡು ಕಾಡಿನಂಚಿನಲ್ಲಿ ಸುಳಿದಾಗ ಮೌಸರ್ ಎತ್ತಿ ಮೂರು ಗುಂಡು ಹಾರಿಸಿದೆ. ಒಂದೂ ತಾಗಲಿಲ್ಲ. ಸೈನ್ಯ ಬಿಸಾಕಿದ ಮುದಿ ಕೋವಿ ಅದು, ನಳಿಗೆಯ ತುದಿಯ ಗುರಿಮೊಳೆ ಸವೆದು ಹೋಗಿದೆ. ಎತ್ತಿ ಹಿಡಿದರೆ ಮೊಳೆಯೇ ಕಾಣುವುದಿಲ್ಲ, ಮಸುಕು ಮಸುಕು. ಇದಕ್ಕೊಂದು ದುರ್ಬೀನು ಹಾಕಿಸಬೇಕು, ಬೇರೆ ದಾರಿಯಿಲ್ಲ.

ಜೂನ್ ೩

ಪಟ್ಟಣಕ್ಕೆ ಹೋಗಿದ್ದೆವು. ತೋಮಾಸಿಚ್‌ನ ಅಂಗಡಿಯಲ್ಲಿ ಮೀನಿನ ಗಾಳದಿಂದ ತೋಟಾದವರೆಗೆ ಎಲ್ಲ ಸಿಗುತ್ತದೆ.

"ಅಗ್ಗವಾಗಿರ್ಬೇಕು, ಒಡೀಬಾರ್ದು, ಅಂಥ ದುರ್ಬೀನು ಕೊಡು," ಎಂದೆ.

"ಹೆಂಡ್ತಿ ಹುಡುಕೋಕೆ ಬಂದೋನ ಥರ ಮಾತಾಡ್ತೀಯಲ್ಲೋ," ಎಂದ. ಹಿಂದೆ ನಿಂತಿದ್ದ ಒರ್ಫೆಲಿನಾ ಕೆಮ್ಮಿದಳು.

ಗಾಜಿನ ಮೇಜಿನ ಮೇಲೆ ಮೂರು ಇಟ್ಟ. ಒಂದು ಜರ್ಮನಿಯದು, ಅದನ್ನು ಮುಟ್ಟಲು ಬಿಡಲಿಲ್ಲ. ಇನ್ನೊಂದು ಹೊಸದು, ಮಿರಮಿರ ಮಿಂಚುತ್ತಿತ್ತು, ಉಂಗುರ ತಿರುಗಿಸಿದರೆ ಮೂರು ಪಟ್ಟಿನಿಂದ ಹನ್ನೆರಡು ಪಟ್ಟಿನವರೆಗೆ ದೊಡ್ಡದಾಗಿ ತೋರಿಸುವಂಥದು. ಮೂರನೆಯದು ಕಪ್ಪು ಉಕ್ಕಿನ ಕೊಳವೆ, ಬರೀ ನಾಲ್ಕು ಪಟ್ಟು, ತಿರುಗಿಸಲು ಏನೂ ಇಲ್ಲ.

"ಇದನ್ನ ತಗೋ," ಎಂದು ಕಪ್ಪು ಕೊಳವೆಯನ್ನು ಮುಂದೆ ತಳ್ಳಿದ. "ಈ ಮೌಸರು ಕತ್ತೆ ಥರ ಒದೆಯತ್ತೆ. ಒಳಗೆ ತಿರುಗೋ ಸಾಮಾನು ಜಾಸ್ತಿ ಇದ್ದಷ್ಟೂ ಬೇಗ ಸಡಿಲಾಗೋದು. ಇದು ನನ್ನಪ್ಪನ ಕಾಲದ್ದು. ಇದ್ರಲ್ಲಿ ಮೊಳೆ ಹೊಡ್ಕೋಬಹುದು."

ಬಾಗಿಲಲ್ಲಿ ನಿಂತು ಎದುರಿನ ಚರ್ಚಿನ ಶಿಲುಬೆ ನೋಡಿದೆ. ಬರೀ ಹೊಗೆ.

"ಒಳಗೆ ತೇವ ಸೇರಿದೆ ಕಣೋ."

ಅವನು ಕಸಿದುಕೊಂಡು ನೋಡಿದ. "ತೇವಾನಾ? ಶಿಲುಬೆ ಮೇಲೆ ಕೂತಿರೋ ಕಡಲಕಾಗೆಯ ಉಗುರು ಕಾಣ್ತಿದೆ ನಂಗೆ."

"ನಿನ್ನ ಮಾಲನ್ನ ನೀನು ಕೆಟ್ಟದು ಅಂತೀಯಾ?"

ಹನ್ನೆರಡು ಪಟ್ಟಿನದನ್ನೇ ತೆಗೆದುಕೊಂಡೆ. ದೊಡ್ಡದಾಗಿ ತೋರಿಸುವುದು ಬಿಟ್ಟು ಸಣ್ಣದಾಗಿ ತೋರಿಸುವುದನ್ನು ಯಾವ ಮಂಕು ಕೊಳ್ಳುತ್ತಾನೆ? ಅಗ್ಗವೂ ಆಯಿತು. ತೋಮಾಸಿಚ್ ತಲೆ ಅಲ್ಲಾಡಿಸುತ್ತ ಕಟ್ಟಿಕೊಟ್ಟ. ದುರ್ಬೀನು ಕೂರಿಸಿದರೆ ತೋಟಾ ತುಂಬುವ ಬೋಲ್ಟಿನ ಹಿಡಿ ಮೇಲೆತ್ತುವಾಗ ಕೊಳವೆಗೆ ತಾಗುತ್ತದೆ, ಕಮ್ಮಾರನ ಹತ್ತಿರ ಹಿಡಿ ಬಗ್ಗಿಸಿಕೋ ಎಂದ.

ನನ್ನ ಮುದುಕಿ ಒರ್ಫೆಲಿನಾಳೇ ಗಾಡಿ ಓಡಿಸಿದಳು. ಈಸ್ಟರಿನಿಂದ ಅವಳೇ ಓಡಿಸುವುದು. ಗಾಡಿಯ ಮುಂದಿನ ಗಾಜು ತೀರಾ ಗೀಚಿಹೋಗಿದೆ.

ಜೂನ್ ೧೨

ಎಸ್ಟೇಟಿನ ಕಮ್ಮಾರ ಬಾರ್ರಿಯಾ ಹಿಡಿಯನ್ನು ಕೆಂಪಗೆ ಕಾಯಿಸಿ ಬಗ್ಗಿಸಿದ, ಕೋವಿಯ ನೆತ್ತಿಗೆ ರಂಧ್ರ ಕೊರೆದು ದುರ್ಬೀನು ಕೂರಿಸಿದ. ನೋಡಲು ಚೆನ್ನಾಗಿತ್ತು. ಬೇಲಿಯ ಕಂಬಕ್ಕೆ ತಗಡಿನ ಡಬ್ಬಿ ಕಟ್ಟಿ ಹಾರಿಸಿದೆ. ಸರಿಯಾಗಿ ಕಾಣಲೆಂದು ಕಣ್ಣನ್ನು ಗಾಜಿಗೆ ಹತ್ತಿರ ಒಯ್ದಿದ್ದೆ. ಕೋವಿ ಒದ್ದ ಒದೆತಕ್ಕೆ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಮೂಳೆಯವರೆಗೆ ಸೀಳಿತು.

ಮುದುಕಿ ಸಕ್ಕರೆ ಒತ್ತಿ ಬಟ್ಟೆ ಕಟ್ಟಿದಳು. "ನಾಯಿಗಳೆಲ್ಲ ಕ್ಷೇಮ. ನಮ್ಮ ಕಡೆ ಒಬ್ಬರಿಗೆ ಗಾಯ."

"ಬಾಯಿ ಮುಚ್ಚೇ."

"ಅಷ್ಟು ಹತ್ರ ಯಾಕೆ ಕಣ್ಣಿಟ್ಟೆ, ಮುದುಕಾ?"

ಮತ್ತೆ ನಾಲ್ಕಾರು ಗುಂಡು ಹಾರಿಸುವಷ್ಟರಲ್ಲಿ ದುರ್ಬೀನಿನೊಳಗಿನ ಅಡ್ಡಗೆರೆ ಕಳಚಿ ಓರೆಯಾಗಿ ನೇತಾಡಿತು. ಅಲ್ಲಾಡಿಸಿದರೆ ಗಿಲಕಿಯ ಸದ್ದು. ತೋಮಾಸಿಚ್ ಹೇಳಿದ್ದು ನಿಜವಾಯಿತಲ್ಲ ಎಂಬುದೇ ದೊಡ್ಡ ಉರಿ.

ಇವತ್ತೂ ಕುರಿ ಸತ್ತಿವೆ.

ಜೂನ್ ೧೯

ನಾಲ್ಕು ಪಟ್ಟಿನ ಉಕ್ಕಿನ ಕೊಳವೆಯನ್ನೇ ತಂದೆ. ಬದಲಿಗೆ ಎರಡು ಹದ ಮಾಡಿದ ಚರ್ಮ, ಒಂದು ಇಡೀ ಟಗರಿನ ಮಾಂಸ ಕೊಟ್ಟೆ. ತೋಮಾಸಿಚ್ ನಗಲಿಲ್ಲ, ಅದಕ್ಕೆ ಅವನಿಗೆ ಪುಣ್ಯ ಬರಲಿ. ಕೊಳವೆಯನ್ನು ಮೇಜಿಗೆ ಟಕಟಕ ಬಡಿದು ತೋರಿಸಿದ, ಏನೂ ಅಲುಗಲಿಲ್ಲ. ಕಣ್ಣನ್ನು ಅಂಗೈಯಗಲ ದೂರ ಇಟ್ಟರೂ ಇದರಲ್ಲಿ ಪೂರ್ತಿ ಕಾಣುತ್ತದೆ, ಇನ್ನು ಹುಬ್ಬು ಒಡೆಯುವುದಿಲ್ಲ ಎಂದ.

ಗಟ್ಟಿಯಂತೂ ಹೌದು. ಇಪ್ಪತ್ತು ಗುಂಡು ಹಾರಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಆದರೆ ಆ ಮಂಜು ಹಾಗೇ ಇದೆ. ಕೋವಿಯನ್ನು ಒಲೆಯಿರುವ ಮನೆಯೊಳಗೆ ತಂದರೆ ಗಾಜು ಬೆವರುತ್ತದೆಂದು ಹೊರಗಿನ ಕೊಟ್ಟಿಗೆಯಲ್ಲೇ ನೇತುಹಾಕಿದ್ದೇನೆ. ಬೆಳಗ್ಗೆ ತೆಗೆದು ನೋಡಿದರೂ ಮಂಜು. ಮೇಕೆಯ ಚರ್ಮದಲ್ಲಿ ಒರೆಸಿದೆ, ಬೂದಿಯಲ್ಲಿ ಉಜ್ಜಿದೆ. ಹಳೇ ಗಾಜಿಗೆ ಒಳಗಿಂದಲೇ ಪೊರೆ ಕಟ್ಟಿರಬೇಕು.

ಜೂನ್ ೨೪

ಸಂತ ಹ್ವಾನನ ಹಬ್ಬ. ಊರ ಪದ್ಧತಿಯಂತೆ ಮುದುಕಿ ರಾತ್ರಿ ಮಂಚದ ಕೆಳಗೆ ಮೂರು ಆಲೂಗಡ್ಡೆ ಇಟ್ಟಿದ್ದಳು, ಒಂದು ಸಿಪ್ಪೆಯಿರುವುದು, ಒಂದು ಅರ್ಧ ಸುಲಿದದ್ದು, ಒಂದು ಪೂರ್ತಿ ಬೋಳು. ಬೆಳಗ್ಗೆ ಕೈಹಾಕಿದರೆ ಬೋಳು ಸಿಕ್ಕಿತು. ವರ್ಷವೆಲ್ಲ ಬರಿಗೈ ಎಂದರ್ಥ. ಇನ್ನೊಮ್ಮೆ ಹಾಕು, ಮೊದಲ್ನೇದು ಲೆಕ್ಕಕ್ಕಿಲ್ಲ ಎಂದಳು. ಇನ್ನೊಮ್ಮೆ ಹಾಕಲಿಲ್ಲ. ಆಲೂಗಡ್ಡೆ ಬೇಯಿಸಿ ತಿಂದೆವು.

ಜುಲೈ ೨

ಪಕ್ಕದ ಕಾವಲುಮನೆಯ ಮಾನ್ಸಿಯಾ ಬಂದಿದ್ದ. ಒಂಟಿ ಜೀವ, ಒಂದೇ ದೋಣಿಯಲ್ಲಿ ಚಿಲೋಯೆಯಿಂದ ಬಂದವರು ನಾವು. ಜೊತೆಗೆ ಅವನ ನಾಯಿ ಚಿಸ್ಪಾ, ನನ್ನ ನಾಯಿ ತೀಸೊನ್‌ನ ಮಗಳು. ಅಪ್ಪನಂತೆಯೇ ಕಪ್ಪು. ಇಡೀ ಎಸ್ಟೇಟಿನಲ್ಲಿ ಅಂಥ ಕುರಿನಾಯಿ ಇನ್ನೆರಡಿಲ್ಲ, ಒಂದು ಅವನಲ್ಲಿ, ಒಂದು ನನ್ನಲ್ಲಿ. ಅಪ್ಪ ಮಗಳು ಹಿಮದಲ್ಲಿ ಉರುಳಾಡುತ್ತಿದ್ದರೆ ಮಾನ್ಸಿಯಾ ನಗುತ್ತಾನೆ, ಮನುಷ್ಯರ ಜೊತೆ ನಗದವನು.

ಕೋವಿ ಎತ್ತಿ ದುರ್ಬೀನಿನಲ್ಲಿ ನೋಡಿದ. "ಅಬ್ಬಾ, ಬೇಲಿ ತಂತಿಯ ಮುಳ್ಳು ಒಂದೊಂದೂ ಕಾಣತ್ತಲ್ಲೋ!"

"ಸುಳ್ಳು ಬೊಗಳ್ಬೇಡ. ಅದ್ರೊಳಗೆ ಬರೀ ಮಂಜು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಇವತ್ತು ಮಧ್ಯಾಹ್ನವೂ ಹಿಂಡು ಬಂದಿತ್ತು, ಐದು ಗುಂಡು ಹಾರಿಸಿದೆ, ಗಾಳಿಗೆ ಹೋಯಿತು. ಮೌಸರಿನ ನಳಿಗೆಯೇ ಸವೆದಿದೆಯೋ ಏನೋ. ಆದರೆ ಹೊಸ ಕೋವಿ ಎಲ್ಲಿಂದ ತರಲಿ?

ದೀಪದ ಎಣ್ಣೆಯೂ ಈ ಸಲ ಕೆಟ್ಟದು ಬಂದಿದೆ, ಸುತ್ತಲೂ ಬಣ್ಣದ ಬಳೆ ಕಟ್ಟುತ್ತದೆ. ಮುದುಕಿ ಹಿಂದಿನಿಂದ ಬಗ್ಗಿ ನೋಡಿ, "ಒಂದೇ ಸಾಲಿನ ಮೇಲೆ ಎರಡು ಸಲ ಬರೀತಿದ್ದೀಯ," ಎಂದಳು. ಇವಳಿಗೆ ಓದು ಬಾರದು, ಆದರೂ ಮೂಗು ತೂರಿಸುವುದು ತಪ್ಪದು. ಇನ್ನು ಅಕ್ಷರ ದೊಡ್ಡದು ಮಾಡಿ ಬರೆಯುತ್ತೇನೆ.

ಜುಲೈ ೯

ಮೂರು ದಿನದಿಂದ ದಿನವೂ ಬರುತ್ತಿವೆ. ನಾನು ಬಿದ್ದ ಮರದ ಹಿಂದೆ ಹಿಮದಲ್ಲಿ ಮಲಗಿ ಕಾಯುವುದು, ಅವು ಇನ್ನೊಂದು ಕಡೆಯಿಂದ ನುಗ್ಗುವುದು. ತೀಸೊನ್ ಒಬ್ಬನೇ ಓಡಾಡಿ ಓಡಾಡಿ ಸೋತಿದ್ದಾನೆ, ಪಾದದ ಮೆತ್ತೆ ಒಡೆದಿದೆ. ಬೇಲಿಯ ಬಾಗಿಲಲ್ಲಿ ಬಿದ್ದಿದ್ದ ಒಂದು ಕುರಿ ಇನ್ನೂ ಬದುಕಿತ್ತು, ಕರುಳು ಹೊರಗೆ. ಚಾಕು ಹಾಕಿ ಬಿಡುಗಡೆ ಮಾಡಿದೆ. ಅದರ ಹೊಟ್ಟೆಯಲ್ಲಿ ಎರಡು ಮರಿಯಿದ್ದವು. ಅಲ್ಲೇ ಕೂತು ಅತ್ತೆ. ಗಂಡಸಿಗೆ ಅರವತ್ತು ದಾಟಿದ ಮೇಲೆ ಅಳು ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ.

ದೇವರೇ, ಒಂದಾದರೂ ನಾಯಿ ಬೀಳಿಸು. ಒಂದೇ ಒಂದು. ಲಾರಾಲ್ದೆಯ ಮುಂದೆ ಬಾಲ ಎಸೆಯಲು.

ಜುಲೈ ೧೪

ಬಿತ್ತು! ಕೊನೆಗೂ ಬಿತ್ತು!

ಮಧ್ಯಾಹ್ನ ಮೋಡ ಕವಿದಿತ್ತು. ಮರದ ಹಿಂದೆ ಮಲಗಿದ್ದೆ. ಗುಡ್ಡದಾಚೆ ಬೊಗಳುವುದು, ಕಚ್ಚಾಡುವುದು ಕೇಳಿಸಿತು. ಕುರಿಗಳು ಒಟ್ಟಾಗಿ ಇಳಿಜಾರಿನಲ್ಲಿ ನನ್ನ ಕಡೆಗೇ ಓಡಿಬಂದವು. ಅವುಗಳ ಬೆನ್ನಿಗೆ ಅಂಟಿಕೊಂಡು ಒಂದು ಕಪ್ಪು ನಾಯಿ, ಎಡಕ್ಕೂ ಬಲಕ್ಕೂ ಹಾಯುತ್ತ. ಉಳಿದ ಹಿಂಡು ಮೇಲೇ ನಿಂತಿತ್ತು. ಯಾವ ಕಾಡುನಾಯಿಯೂ ಇಷ್ಟು ಹತ್ತಿರ ಬಂದದ್ದಿಲ್ಲ, ಎಂಥ ಸೊಕ್ಕು! ಮಂಜಿನ ನಡುವೆ ಕಪ್ಪು ಮಚ್ಚೆ ಅಡ್ಡಗೆರೆಗೆ ಸಿಕ್ಕಿದ್ದೇ ಒತ್ತಿದೆ. ಒಂದೇ ಗುಂಡು. ಕೂಗಲೂ ಇಲ್ಲ. ಉಳಿದವು ಸದ್ದಿಗೆ ಕಾಡು ಸೇರಿದವು.

ಈ ದುರ್ಬೀನನ್ನು ಸುಮ್ಮನೆ ಬೈದೆ. ತೋಮಾಸಿಚ್‌ಗೆ ಒಂದು ಬಾಟಲಿ ದ್ರಾಕ್ಷಾರಸ ಕೊಡಬೇಕು.

ಕುರಿಗಳನ್ನು ಒಳಗೆ ಹಾಕಲು ತೀಸೊನ್‌ಗೆ ಎಷ್ಟು ಶಿಳ್ಳೆ ಹಾಕಿದರೂ ಬರಲಿಲ್ಲ, ಆ ಹಿಂಡನ್ನು ಅಟ್ಟಿಸಿಕೊಂಡು ಹೋಗಿರಬೇಕು. ಅಷ್ಟರಲ್ಲಿ ಹಿಮ ಜೋರಾಯಿತು. ಬಿದ್ದ ನಾಯಿಯ ಬಾಲ ಕತ್ತರಿಸಲು ನಾಳೆ ಹೋಗುತ್ತೇನೆ. ಮುದುಕಿ ಸಂಭ್ರಮಕ್ಕೆ ರೊಟ್ಟಿ ಕರಿದಳು, ತೀಸೊನ್ ಪಾಲು ಎತ್ತಿಟ್ಟಳು.

ಜುಲೈ ೧೫

ತೀಸೊನ್.

ಇವತ್ತು ಬರೆಯಲಾರೆ.

ಜುಲೈ ೧೭

ಬರೆಯುತ್ತೇನೆ. ಬರೆದರೆ ತಲೆ ಸರಿಹೋಗಬಹುದು.

ಬಾಲ ಕತ್ತರಿಸಲು ಹೋದರೆ ಹಿಮದಡಿ ಬಿದ್ದಿದ್ದವನು ತೀಸೊನ್, ಬಾಯಲ್ಲಿ ರಕ್ತವಿತ್ತು. ಇದನ್ನು ಮೊದಲು ಬರೆಯಬೇಕು. ಹಲ್ಲಿನ ಸಂದಿಯಲ್ಲಿ ಕೂದಲಿತ್ತು. ಉಣ್ಣೆಯೋ ನಾಯಿಯ ಕೂದಲೋ, ಹೆಪ್ಪುಗಟ್ಟಿತ್ತು. ಕಿವಿ ಹರಿದಿತ್ತು, ಬೆನ್ನಿನ ಮೇಲೆಲ್ಲ ಕಚ್ಚಿದ ಗಾಯ. ಹಿಂಡಿನ ನಾಯಿಗಳು ತಮ್ಮತಮ್ಮಲ್ಲೇ ಕಚ್ಚಾಡುವುದುಂಟು. ಅವನು ಅವುಗಳ ಜೊತೆ ಸೇರಿದ್ದ. ಹಾಗೇ ಇರಬೇಕು. ಇಲ್ಲದಿದ್ದರೆ ಕುರಿಯ ಬೆನ್ನಿಗೆ ಯಾಕೆ ಬಿದ್ದಿದ್ದ?

ಗುಂಡಿಯ ಮೇಲೆ ಕಲ್ಲು ಪೇರಿಸುತ್ತಿದ್ದಾಗ ಮಾನ್ಸಿಯಾ ಕುದುರೆಯ ಮೇಲೆ ಬಂದ. ಏನಾಯಿತೆಂದು ಕೇಳಿದ.

"ಕುರಿ ಕಚ್ಚಿದ್ದ," ಎಂದೆ. ಬಾಯಿಂದ ತಾನಾಗಿ ಬಂತು. "ನಾನೇ ಗುಂಡು ಹಾಕ್ದೆ."

ಇಲ್ಲಿ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಕುರಿಯ ರಕ್ತದ ರುಚಿ ಕಂಡ ನಾಯಿಗೆ ಅದರ ಒಡೆಯನೇ ಗುಂಡಿಡಬೇಕು, ಇನ್ನೊಬ್ಬರ ಕೈಗೆ ಬಿಡಬಾರದು. ಮಾನ್ಸಿಯಾ ಟೋಪಿ ತೆಗೆದ.

"ತೀಸೊನ್ನಾ? ನೀನೇ ಕಣ್ಣಾರೆ ನೋಡಿದ್ಯಾ?"

"ಕಣ್ಣಾರೆ."

"ಗಂಡಸಾದವ್ನು ಮಾಡೋ ಕೆಲ್ಸ ಮಾಡಿದ್ಯ, ಬಿಡು," ಎಂದು ನನ್ನ ಹೆಗಲು ಹಿಸುಕಿದ.

ಚಿಸ್ಪಾ ಕಲ್ಲಿನ ಸುತ್ತ ಮೂಸುತ್ತಿದ್ದಳು. ಮಾನ್ಸಿಯಾ ಅವಳನ್ನು ಒಂದು ಥರ ನೋಡಿ ಕರೆದುಕೊಂಡು ಹೋದ.

ಜುಲೈ ೨೦

ಎಸ್ಟೇಟಿನವರೆಲ್ಲ ಮಾತಾಡಿಕೊಳ್ಳುವ ಬೆಳಗಿನ ರೇಡಿಯೊದಲ್ಲಿ ಲಾರಾಲ್ದೆ, ಮಾನ್ಸಿಯಾನಿಂದ ತಿಳಿದಿರಬೇಕು, ಎಲ್ಲ ಕಾವಲುಮನೆಗಳಿಗೂ ಕೇಳುವಂತೆ: "ಎವಾರಿಸ್ತೊ ತನ್ನ ಸ್ವಂತ ನಾಯಿಗೇ ಗುಂಡಿಟ್ಟಿದ್ದಾನೆ. ಇಂಥವ್ನು ಇರೋವರೆಗೂ ಆ ಮನೆ ಮುಚ್ಚಲ್ಲ ಅಂತ ಯಜಮಾನ್ರಿಗೆ ನಾನೇ ಹೇಳ್ತೀನಿ."

ಬೇಕಾದದ್ದು ಸಿಕ್ಕಿತು. ಮನೆ ಉಳಿಯಿತು. ಮುದುಕಿಗೆ ಹೇಳಿದರೆ ಅವಳು ಒಲೆಗೆ ಸೌದೆ ತುರುಕುತ್ತ, "ಉಳೀತಲ್ಲ, ಸರಿ," ಎಂದಳು. ಅಷ್ಟೇ.

ಬಾಗಿಲ ಬಳಿ ಕಾಲು ಎತ್ತಿಡುತ್ತೇನೆ, ಅವನು ಅಲ್ಲಿ ಮಲಗಿರುತ್ತಾನೆಂದು.

ಜುಲೈ ೨೨

ಇವತ್ತು ಬುಧವಾರ. ಮುದುಕಿ ರೇಡಿಯೊದಲ್ಲಿ ಬಾರ್ರಿಯಾನ ಹೆಂಡತಿಯ ಜೊತೆ ಹರಟುತ್ತಿದ್ದವಳು ಬಂದು ಎದುರು ಕೂತಳು.

"ಮಾನ್ಸಿಯಾ ಚಿಸ್ಪಾನ ಕೊಲ್ತಾನಂತೆ, ಭಾನುವಾರ."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ. ಕುರಿ ಕಚ್ಚಿದ ನಾಯಿಯ ಮರೀನೂ ಇಟ್ಕೋಬಾರ್ದು, ರಕ್ತದಲ್ಲಿ ಬಂದಿರತ್ತೆ ಅಂತ ನೀನೇ ಹೊಸಬ್ರಿಗೆಲ್ಲ ಹೇಳ್ತಿರ್ಲಿಲ್ವಾ? ಊಟ ಮಾಡ್ತಿಲ್ವಂತೆ ಅವ್ನು."

ನಾನೂ ಊಟ ಮಾಡಲಿಲ್ಲ. ಹೋಗಿ ಹೇಳಬೇಕು. ಏನೆಂದು ಹೇಳಲಿ? ತೀಸೊನ್ ಕಚ್ಚಿರಲಿಲ್ಲ ಎಂದರೆ, ಮತ್ತೆ ಯಾಕೆ ಹೊಡೆದೆ ಎನ್ನುತ್ತಾನೆ. ತಪ್ಪಿ ಬಿತ್ತು ಎಂದರೆ, ಅಷ್ಟು ಹತ್ತಿರದಿಂದ, ದುರ್ಬೀನು ಇಟ್ಟುಕೊಂಡು ಹೇಗೆ ತಪ್ಪಿತು ಎನ್ನುತ್ತಾನೆ. ಮುಂದಿನ ಮಾತು ಲಾರಾಲ್ದೆಯ ಕಿವಿಗೆ ಹೋಗುತ್ತದೆ, ಮರುದಿನ ಪಟ್ಟಣದ ಕೋಣೆ.

ಭಾನುವಾರಕ್ಕೆ ಇನ್ನೂ ದಿನವಿದೆ. ನಾಳೆ ಹೋಗುತ್ತೇನೆ.

ಜುಲೈ ೨೩

ಗಾಳಿ ಜೋರು. ಹೋಗಲಿಲ್ಲ.

ಜುಲೈ ೨೪

ಗಾಳಿ ಇರಲಿಲ್ಲ. ಹೋಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಜುಲೈ ೨೫

ಇವತ್ತು ಮನಸ್ಸು ಹಗುರವಾಗಿದೆ, ಎಷ್ಟೋ ವಾರದ ಮೇಲೆ ಮೊದಲ ಸಲ.

ಬೆಳಗ್ಗೆ ಎದ್ದವನೇ ಗಾಡಿ ತೆಗಿ ಎಂದೆ. ಮುದುಕಿ ಏನೂ ಕೇಳದೆ ಕೋಟು ಹಾಕಿಕೊಂಡಳು. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸುತ್ತಿದ್ದೆ, ಮಾನ್ಸಿಯಾ, ಹೀಗ್ಹೀಗೆ ಆಯಿತು ಎಂದು. ಅವನ ಮನೆಯ ಬಾಗಿಲಲ್ಲಿ ಇಳಿದು ನೋಡುತ್ತೇನೆ, ಕೊಟ್ಟಿಗೆಯ ಪಕ್ಕದ ತಂತಿಬೇಲಿಯ ಬುಡದಲ್ಲಿ ಚಿಸ್ಪಾ! ಕಪ್ಪಗೆ, ಕಣ್ಣಿಗೆ ಹಬ್ಬವಾಗುವಂತೆ. ಅವನಿಗೆ ಕೊಲ್ಲಲು ಮನಸ್ಸಾಗಿಲ್ಲ, ಕಟ್ಟಿಹಾಕಿದ್ದಾನೆ. ನನಗೆ ಗೊತ್ತಿತ್ತು, ಮಾನ್ಸಿಯಾಗೆ ಅಷ್ಟು ಕಲ್ಲೆದೆ ಇಲ್ಲ.

"ಚಿಸ್ಪಾ! ಏನೇ ಹುಡುಗಿ!" ಎಂದು ಶಿಳ್ಳೆ ಹಾಕಿದೆ. ಅವಳು ಏಳಲಿಲ್ಲ. ನನ್ನ ಮೇಲೆ ಸಿಟ್ಟು, ಇರಲಿ. ಅಪ್ಪನನ್ನು ತಿಂದವನ ಹತ್ತಿರ ಯಾಕೆ ಬಂದಾಳು?

ಮಾನ್ಸಿಯಾ ಬಾಗಿಲಿಗೆ ಬಂದು ನಿಂತ. ನನ್ನನ್ನೇ ನೋಡುತ್ತಿದ್ದ.

"ಒಳ್ಳೇದು ಮಾಡ್ದೆ ಕಣೋ, ಇಟ್ಕೊಂಡೆ," ಎಂದೆ.

ಅವನು ಮುದುಕಿಯ ಮುಖ ನೋಡಿದ. ಆಮೇಲೆ, "ಬಾ ಒಳಗೆ, ಚಳಿ," ಎಂದ.

ಮಾತೆ ಎಲೆಯ ಕಷಾಯ ಕುಡಿದೆವು. ನಾನೊಬ್ಬನೇ ಮಾತಾಡಿದೆ. ಹಳೇ ದೋಣಿಯ ಕಥೆ, ಟಗರುಗಳ ಕಥೆ. ಅವಳು ಬದುಕಿರುವಾಗ ಆ ಇನ್ನೊಂದು ಮಾತು ಎತ್ತಿ ಯಾರಿಗೇನು ಲಾಭ? ಎತ್ತಲಿಲ್ಲ. ಹೊರಡುವಾಗ ಮಾನ್ಸಿಯಾ ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿದ, ಹೆಪ್ಪುಗಟ್ಟಿದೆ ಜೋಕೆ ಎಂದು. ಎಂಥ ಗೆಳೆಯ!

ಮನೆಗೆ ಬಂದು ಹೊಟ್ಟೆತುಂಬ ಉಂಡೆ. ಮುದುಕಿ ದಾರಿಯಲ್ಲೂ ಮಾತಾಡಲಿಲ್ಲ, ಈಗಲೂ ಇಲ್ಲ. ಹೆಂಗಸರಿಗೆ ಯಾವಾಗ ಏನಾಗುತ್ತದೋ.

ಜುಲೈ ೨೬

ಬೆಳಗ್ಗೆ ನೀರು ಕಾಯಿಸುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡೇ ಹೇಳಿದಳು.

"ಅದು ಚಿಸ್ಪಾ ಅಲ್ಲ."

"ಯಾವ್ದು?"

"ನಿನ್ನೆ ನೀನು ಮಾತಾಡ್ಸಿದ್ದು. ಕರಿ ಕುರಿ ಚರ್ಮ ಅದು, ಒಣಗೋಕೆ ತಂತಿ ಮೇಲೆ ಹಾಕಿದ್ದು ಕೆಳಗೆ ಜಾರಿ ಬಿದ್ದಿತ್ತು. ಚಿಸ್ಪಾ ಇಲ್ಲ. ಭಾನುವಾರದ ತನಕ ಕಾಯೋಕಾಗ್ದೆ ಶುಕ್ರವಾರವೇ ಮುಗಿಸ್ಬಿಟ್ನಂತೆ. ನೀನು ಹೊರಗೆ ಹೋದಾಗ ನಂಗೆ ಹೇಳ್ದ."

ಶುಕ್ರವಾರ. ಗಾಳಿ ಇರಲಿಲ್ಲ ಎಂದು ಬರೆದಿದ್ದೇನಲ್ಲ, ಅವತ್ತು.

"ನೀನು ಯಾಕೇ ನಿನ್ನೆ ಅಲ್ಲೇ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಮುದುಕಾ? ಚರ್ಮಕ್ಕೆ ಶಿಳ್ಳೆ ಹಾಕ್ತಿದ್ದೆ ನೀನು. ಏನಂತ ಹೇಳ್ಲಿ?" ಕೆಟಲ್ ಇಟ್ಟು ತಿರುಗಿದಳು. ಅಳುತ್ತಿದ್ದಳೆಂದು ದನಿಯಿಂದ ಗೊತ್ತಾಯಿತು. "ಹೇಳಿದ್ರೆ ಇಬ್ರೂ ಆ ಕೋಣೆಗೆ ಹೋಗ್ಬೇಕು. ನಂಗೂ ಇಷ್ಟ ಇಲ್ಲ ಆ ಕೋಣೆ. ಅದಕ್ಕೇ ಗಾಡಿ ಓಡ್ಸಿದೆ, ಸೂಜಿಗೆ ದಾರ ಹಾಕ್ಕೊಟ್ಟೆ, ತಟ್ಟೆ ಕೈಯಲ್ಲಿಟ್ಟೆ, ಬಾಯಿ ಮುಚ್ಕೊಂಡೆ. ನಾಯಿ ಹೋಗತ್ತೆ ಅಂತ ನಂಗೇನು ಗೊತ್ತಿತ್ತು?"

ಹೊರಗೆ ಹೋಗಿ ಕೊಟ್ಟಿಗೆಯಿಂದ ಮೌಸರ್ ತೆಗೆದೆ. ಬೇಲಿಯ ಕಡೆ ಹಿಡಿದು ನೋಡಿದೆ, ಮಂಜು. ಕೋವಿ ಕೆಳಗಿಟ್ಟು ಬರಿಗಣ್ಣಲ್ಲಿ ನೋಡಿದೆ. ಅದೇ ಮಂಜು. ಕೈಯನ್ನು ಮುಖದ ಮುಂದೆ ತಂದೆ. ಬೆರಳು ಇವೆಯೆಂದು ಗೊತ್ತು, ಅದಕ್ಕೇ ಕಾಣುತ್ತವೆ.

ನನಗೆ ಕಣ್ಣು ಕಾಣುವುದಿಲ್ಲ.

ಜುಲೈ ೨೯

ಕುದುರೆಯ ಮೇಲೆ ಒಬ್ಬನೇ ಹೋಗಿಬಂದೆ. ಲಗಾಮು ಸಡಿಲ ಬಿಟ್ಟೆ, ದಾರಿ ಕುದುರೆಗೆ ಗೊತ್ತು. ಮುದುಕಿ ತಡೆಯಲಿಲ್ಲ. ಮೌಸರನ್ನು ಬೆನ್ನಿಗೆ ಕಟ್ಟಿಕೊಟ್ಟಳು.

ಮಾನ್ಸಿಯಾ ಸೌದೆ ಸೀಳುತ್ತಿದ್ದ, ಸದ್ದು ಕೇಳಿ ಆ ಕಡೆ ನಡೆದೆ. ಕೊಡಲಿ ನಿಂತಿತು.

"ತೀಸೊನ್ ಕಚ್ಚಿರ್ಲಿಲ್ಲ," ಎಂದೆ. "ಕುರಿಗಳನ್ನ ಹಿಂಡಿನಿಂದ ಬಿಡ್ಸಿ ನನ್ನ ಹತ್ರ ತರ್ತಿದ್ದ. ನಂಗೆ ಕಣ್ಣು ಕಾಣಲ್ಲ ಮಾನ್ಸಿಯಾ. ಕಪ್ಪಗೆ ಕಾಣ್ತು, ಹೊಡ್ದೆ. ಆಮೇಲೆ ಸುಳ್ಳು ಹೇಳ್ದೆ."

"ಗೊತ್ತು."

"ಯಾವಾಗಿಂದ?"

"ನೀನು ಚರ್ಮಕ್ಕೆ ಶಿಳ್ಳೆ ಹಾಕಿದೆಯಲ್ಲ, ಆವಾಗಿಂದ. ಒಳಗೆ ಕೂತು ಇಡೀ ಹೊತ್ತು ಕಾದೆ, ಈಗ ಹೇಳ್ತೀಯ, ಈಗ ಹೇಳ್ತೀಯ ಅಂತ. ನೀನು ಟಗರಿನ ಕಥೆ ಹೇಳ್ದೆ."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ಎರಡನ್ನೂ ಮಾಡಲಿಲ್ಲ, ಅದೇ ಕಷ್ಟವಾಯಿತು. ಬೆನ್ನಿನಿಂದ ಕೋವಿ ಬಿಚ್ಚಿ ಮುಂದೆ ಹಿಡಿದೆ.

"ತಗೋ. ನಾಯಿ ಹಿಂಡು ನಿನ್ನ ಕಡೆಗೂ ಬರತ್ತೆ. ಒಳ್ಳೇ ದುರ್ಬೀನು. ತೋಮಾಸಿಚ್ ಸುಳ್ಳು ಹೇಳಿರ್ಲಿಲ್ಲ."

"ಲಾರಾಲ್ದೆಗೆ ಗೊತ್ತಾದ್ರೆ ನಿಮ್ಮಿಬ್ರನ್ನೂ ಕಳಿಸ್ತಾನೆ."

"ನಾಳೆ ಬೆಳಗ್ಗೆ ರೇಡಿಯೊದಲ್ಲಿ ನಾನೇ ಹೇಳ್ತೀನಿ. ಎಲ್ರೂ ಕೇಳ್ಲಿ. ತೀಸೊನ್ ಹೆಸ್ರು ಕೆಡಿಸಿದ್ದು ಎಲ್ರ ಮುಂದೆ ತಾನೆ?"

ಕೋವಿ ತೆಗೆದುಕೊಂಡ. ಕೊಟ್ಟಿಗೆಯ ಗೋಡೆಗೆ ಒರಗಿಸಿದ ಸದ್ದು ಕೇಳಿಸಿತು. ಬಂದು ನನ್ನ ಮಣಿಕಟ್ಟು ಹಿಡಿದ, ಗಟ್ಟಿಯಾಗಿ, ನೋಯುವಂತೆ. ಮನೆಯ ಹಿಂದಕ್ಕೆ ಎಳೆದುಕೊಂಡು ಹೋದ. ಹಿಮದಲ್ಲಿ ಮೊಣಕಾಲೂರಿಸಿ ನನ್ನ ಅಂಗೈಯನ್ನು ಕಲ್ಲುಗಳ ಮೇಲೆ ಒತ್ತಿದ. ಹೊಸ ಕಲ್ಲು, ಇನ್ನೂ ಪಾಚಿಯಿಲ್ಲ. ಸಣ್ಣ ಗುಡ್ಡೆ.

"ಇಲ್ಲಿದ್ದಾಳೆ," ಎಂದ. "ನಂಗೆ ಹೇಳಿದ್ದಾಯ್ತಲ್ಲ. ಈಗ ಅವಳಿಗೆ ಹೇಳು."

ನಾಯಿಗೆ ಏನೆಂದು ಹೇಳುವುದು? ಆದರೆ ಅವನು ಕೈ ಬಿಡಲಿಲ್ಲ.

"ನಿಮ್ಮಪ್ಪ ಕಚ್ಚಿರ್ಲಿಲ್ಲ ಮಗಳೇ," ಎಂದೆ. "ನೀನೂ ಕಚ್ಚಿರ್ಲಿಲ್ಲ."

"ಇನ್ನೊಂದ್ಸಲ," ಎಂದ ಮಾನ್ಸಿಯಾ. ಇನ್ನೊಂದು ಸಲ ಹೇಳಿದೆ.